ಕಾರಿಗೆ ಬಂದ ಜ್ವರ

ನಾನು ಜ್ವರ, ಕೆಮ್ಮು, ಹೊಟ್ಟೆನೋವುಗಳ ಡಾಕ್ಟರು. ನನ್ನ ಕ್ಲಿನಿಕ್ಕಿನಲ್ಲಿ ರೋಗಿಗಳು ಕೂರುವ ಬೆಂಚಿಗೆ ನೇರವಾಗಿ ಕಾಣುವಂತೆ ಒಂದು ಫಲಕ ತೂಗುಹಾಕಿಸಿದ್ದೇನೆ: ‘ಮೊಬೈಲ್ ನೋಡಿ ನಿಮ್ಮ ಕಾಯಿಲೆಯನ್ನು ನೀವೇ ತೀರ್ಮಾನಿಸಬೇಡಿ.’ ಅದನ್ನು ಓದಿಯೂ ಯಾರಾದರೂ, “ಡಾಕ್ಟ್ರೇ, ನಾನು ವಿಡಿಯೋದಲ್ಲಿ ನೋಡ್ದೆ, ಇದು ಪಿತ್ತಕೋಶದ್ದೇ” ಅಂದರೆ ನನಗೆ ಮೈಯೆಲ್ಲ ಉರಿದುಹೋಗುತ್ತದೆ. “ಹಾಗಾದ್ರೆ ಆಪರೇಷನ್ನೂ ಅದನ್ನೇ ನೋಡ್ಕೊಂಡು ಮಾಡ್ಕೊಂಡುಬಿಡಿ” ಎಂದು ಹಂಗಿಸುತ್ತೇನೆ. ಇಂಥ ನಾನು ಬೇಸಿಗೆಯ ಒಂದು ಶನಿವಾರ ಮಧ್ಯಾಹ್ನ, ಮನೆಯ ಮುಂದೆ ಕಾರಿನ ಬಾನೆಟ್ ಎತ್ತಿ, ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ. ಬೀದಿಯಲ್ಲಿ ನನ್ನ ರೋಗಿಗಳ್ಯಾರೂ ಓಡಾಡದಿರಲಿ ಎಂಬುದೊಂದೇ ಆಗಿನ ನನ್ನ ಪ್ರಾರ್ಥನೆ.

ಕಾರಿನ ಎಸಿ ಹಿಂದಿನ ದಿನದಿಂದ ಬಿಸಿಗಾಳಿ ಊದುತ್ತಿತ್ತು. ಭಾನುವಾರ ಬೆಳಿಗ್ಗೆ ಅತ್ತೆಯವರನ್ನು ದೂರದ ಊರಿಗೆ ಕರೆದೊಯ್ಯಬೇಕಿತ್ತು. ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತರಾದವರು. ಅವರ ಜೊತೆ ಕೆಲಸ ಮಾಡಿದ ನರ್ಸುಗಳೆಲ್ಲ ಒಬ್ಬರ ಮನೆಯಲ್ಲಿ ಸೇರುವವರಿದ್ದರು. ಅತ್ತೆಗೆ ಸೆಕೆ ಅಂದರೆ ಆಗದು. ಬಸ್ಸಿನಲ್ಲಿ ಹೋಗೋಣವೆಂದರೆ ಮೊಣಕಾಲಿನ ಆಪರೇಷನ್ ಆಗಿತ್ತು. ಆಪರೇಷನ್ ಆದಾಗಿನಿಂದ ಅವರು ನಮ್ಮ ಮನೆಯಲ್ಲೇ ಇದ್ದರು.

ನನಗೂ ಅತ್ತೆಗೂ ಜಗಳವೇನೂ ಇರಲಿಲ್ಲ. ಜಗಳವಾಡುವಷ್ಟು ಮಾತೂ ಇರಲಿಲ್ಲ. ಎಷ್ಟೋ ಎಳೆ ಡಾಕ್ಟರುಗಳು ಸೂಜಿ ಹಿಡಿದು ನಡುಗುವುದನ್ನು ಕಣ್ಣಾರೆ ಕಂಡವರು ಅವರು. ಅಳಿಯ ಡಾಕ್ಟರೆಂದು ಯಾಕೆ ಬೆರಗಾಗಬೇಕು? ಮನೆಯಲ್ಲೇ ನಾನಿದ್ದರೂ ತಮ್ಮ ಬಿ.ಪಿ. ತೋರಿಸಲು ಆಟೋ ಹಿಡಿದು ಬೇರೊಬ್ಬ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಹಾಗೆ ಅವರು ಹೊರಟಾಗಲೆಲ್ಲ ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, ನನಗೇನೂ ಅನ್ನಿಸುವುದೇ ಇಲ್ಲವೆಂಬಂತೆ ಕೂರುತ್ತಿದ್ದೆ.

ಗ್ಯಾರೇಜಿಗೆ ಫೋನು ಮಾಡಿದ್ದೆ. “ಸಾರ್, ಈ ಸೆಕೇಲಿ ಎಲ್ರ ಎಸಿನೂ ಒಟ್ಟಿಗೇ ಕೆಟ್ಟಿದೆ. ಬುಧವಾರ ತಗೊಂಡ್ಬನ್ನಿ. ಗ್ಯಾಸ್ ಖಾಲಿ ಆಗಿರ್ಬೇಕು” ಅಂದಿದ್ದ ಗ್ಯಾರೇಜಿನವನು. ಕಾರನ್ನು ನೋಡದೆ, ಮುಟ್ಟದೆ, ಫೋನಿನಲ್ಲೇ ಕಾಯಿಲೆ ಹೇಳಿಬಿಟ್ಟನಲ್ಲ ಎಂದು ನನ್ನೊಳಗಿನ ವೈದ್ಯ ಕೆರಳಿದ. ಊಟಕ್ಕೆ ಕೂತಾಗ ಘೋಷಿಸಿಬಿಟ್ಟೆ: “ಎಸಿ ನಾನೇ ನೋಡ್ತೀನಿ. ಪರೀಕ್ಷೆ ಮಾಡೋ ಕ್ರಮ ಗೊತ್ತಿದ್ರೆ ಮನುಷ್ಯ ಆದ್ರೇನು, ಯಂತ್ರ ಆದ್ರೇನು?”

ಹೆಂಡತಿ ಶಾಲೆಯಲ್ಲಿ ಸಂಗೀತದ ಟೀಚರು. ಅಪಸ್ವರ ಅವಳಿಗೆ ದೂರದಿಂದಲೇ ತಿಳಿಯುತ್ತದೆ. ಅವಳು ತಟ್ಟೆಯಿಂದ ತಲೆ ಎತ್ತದೆ, “ಹೋದ ಸಲ ಮಿಕ್ಸಿ ಪರೀಕ್ಷೆ ಮಾಡಿದ್ರಲ್ಲ” ಎಂದಳು. ಅತ್ತೆ ಊಟ ಮುಗಿಸಿ, ಮಡಚುವ ಕುರ್ಚಿಯೊಂದನ್ನು ತಂದು ಕಾರಿನ ಪಕ್ಕ ನೆರಳಲ್ಲಿ ಹಾಕಿಕೊಂಡು ಕೂತರು. ನಾಟಕ ನೋಡಲು ಮುಂದಿನ ಸಾಲಿನಲ್ಲೇ ಜಾಗ ಹಿಡಿದವರ ಹಾಗೆ.

ಮೊದಲು ಶಾಖ ನೋಡಬೇಕೆಂದು, ಮೊಬೈಲಿನಲ್ಲಿ ಎಸಿ ರಿಪೇರಿ ಕಲಿಸುವ ವಿಡಿಯೋದವನು ಹೇಳಿದ್ದ. ಗಾಳಿ ಬರುವ ಕಿಂಡಿಯೊಳಗೆ ಥರ್ಮಾಮೀಟರ್ ಇಡಿ, ಎಸಿ ಹಾಕಿ, ಕಾಯಿರಿ. ಅವನ ಕೈಯಲ್ಲಿದ್ದುದು ಬೇರೆ ಥರದ್ದು. ನಾನು ಕ್ಲಿನಿಕ್ಕಿನ ಚೀಲದಿಂದ ರೋಗಿಗಳ ಕಂಕುಳಿಗೆ ಇಡುವುದನ್ನೇ ತೆಗೆದು ಕಿಂಡಿಗೆ ಸಿಕ್ಕಿಸಿದೆ. ಸ್ವಲ್ಪ ಹೊತ್ತಿಗೆ ಅದು ಕುಯ್ ಕುಯ್ ಎಂದು ಬಡಿದುಕೊಳ್ಳತೊಡಗಿತು.

“ಎಷ್ಟು?” ಎಂದರು ಅತ್ತೆ.

“ನಲವತ್ತೊಂದು.”

“ಅಡ್ಮಿಟ್ ಮಾಡ್ಬೇಕು” ಎಂದು ಅವರು ಸೆರಗಿನಿಂದ ಗಾಳಿ ಹಾಕಿಕೊಂಡರು. ಅಷ್ಟು ವರ್ಷದಲ್ಲಿ ಅತ್ತೆ ನನ್ನ ಎದುರು ಆಡಿದ ಮೊದಲ ಹಾಸ್ಯದ ಮಾತು ಅದು. ಆದರೆ ಅದು ಹಾಸ್ಯವೆಂದು ನನಗೆ ಹೊಳೆದದ್ದು ಸಂಜೆಗೆ. ಆಗ ನಾನು ಗಂಭೀರವಾಗಿ, “ಅಷ್ಟು ಬೇಗ ತೀರ್ಮಾನಕ್ಕೆ ಬರಬಾರ್ದು” ಎಂದಿದ್ದೆ.

ಎರಡನೆಯದು ಫಿಲ್ಟರು. ಒಳಗೆ ಬರುವ ಗಾಳಿಯನ್ನು ಸೋಸುವ ಆ ಕಾಗದದ ಚೌಕಟ್ಟು ಮುಂದಿನ ಸೀಟಿನ ಎದುರಿರುವ ಡಬ್ಬಿಯ ಹಿಂದೆ ಅಡಗಿರುತ್ತದಂತೆ. ಡಬ್ಬಿಯ ಎರಡೂ ಬದಿ ಒತ್ತಿದರೆ ಅದು ಮೆತ್ತಗೆ ಕೆಳಗಿಳಿಯುತ್ತದೆ ಎಂದು ವಿಡಿಯೋದವನು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ತೋರಿಸಿದ್ದ. ನಾನು ಒತ್ತಿದೆ. ಅಲ್ಲಾಡಲಿಲ್ಲ. ಸೀಟಿನ ಮುಂದಿನ ಇಕ್ಕಟ್ಟಿನಲ್ಲಿ ಅಂಗಾತ ಮಲಗಿ ಎರಡೂ ಕೈಯಿಂದ ಗುದ್ದಿದೆ. ಡಬ್ಬಿ ಧೊಪ್ಪೆಂದು ಬಾಯಿ ತೆರೆದು, ಒಳಗಿದ್ದ ಹಳೇ ಕನ್ನಡಕ, ಕರಗಿ ಅಂಟಾದ ಪೆಪ್ಪರಮಿಂಟು, ಔಷಧಿ ಕಂಪನಿಯವರು ಕೊಟ್ಟ ಪೆನ್ನುಗಳು, ಒಂದು ಛತ್ರಿಯ ಹಿಡಿ, ಎಲ್ಲವನ್ನೂ ನನ್ನ ಮುಖದ ಮೇಲೆ ಸುರಿಯಿತು.

“ಏನಾಯ್ತ್ರೀ?” ಎಂದು ಹೆಂಡತಿ ಒಳಗಿನಿಂದ ಕೂಗಿದಳು.

“ಫಿಲ್ಟರ್ ಸಿಕ್ತು!” ಎಂದೆ, ಪೆಪ್ಪರಮಿಂಟನ್ನು ಹುಬ್ಬಿನಿಂದ ಬಿಡಿಸಿಕೊಳ್ಳುತ್ತ.

ಫಿಲ್ಟರಿನ ಅವಸ್ಥೆ ನೋಡಿ ನನಗೆ ಹಿಗ್ಗಾಯಿತು. ಒಣಗಿದ ಎಲೆ, ಹತ್ತಿಯಂಥ ಧೂಳು, ಯಾವುದೋ ಪತಂಗದ ರೆಕ್ಕೆಗಳು. ಇದಕ್ಕಿಂತ ಕಾರಣ ಬೇಕೇ? ಅತ್ತೆಯ ಮುಂದೆ ಅದನ್ನು ಎಕ್ಸ್‌ರೇ ತೋರಿಸುವ ಹಾಗೆ ಬೆಳಕಿಗೆ ಹಿಡಿದೆ. “ನೋಡಿ. ಉಸಿರಾಟಕ್ಕೇ ತೊಂದ್ರೆ ಆಗಿತ್ತು.” ಕೊಡವಿ, ಉಜ್ಜಿ, ಮತ್ತೆ ಕೂರಿಸಿ ಎಸಿ ಹಾಕಿದೆ. ಇಷ್ಟು ಹೊತ್ತು ಮೆಲ್ಲಗೆ ಬರುತ್ತಿದ್ದ ಬಿಸಿಗಾಳಿ ಈಗ ರಭಸವಾಗಿ ಬಂದು ಕಣ್ಣಿಗೆ ಬಡಿಯಿತು.

“ಉಸಿರಾಟ ಸರಿಹೋಗಿದೆ” ಎಂದರು ಅತ್ತೆ.

ಅಂದರೆ ಕಾಯಿಲೆ ಇನ್ನೂ ಒಳಗಿತ್ತು. ಎಸಿ ಹಾಕಿದ ಕೂಡಲೆ ಎಂಜಿನ್ನಿನ ಪಕ್ಕದ ಕಂಪ್ರೆಸರ್ ‘ಟಕ್’ ಎಂದು ಹಿಡಿದುಕೊಂಡು ತಿರುಗಬೇಕು, ಆ ಸದ್ದು ಬಾರದಿದ್ದರೆ ಅದಕ್ಕೆ ಕರೆಂಟೇ ಹೋಗುತ್ತಿಲ್ಲವೆಂದು ಅರ್ಥ ಎಂಬುದು ವಿಡಿಯೋದ ಮುಂದಿನ ಪಾಠ. ಕೇಳಿಸಿಕೊಳ್ಳುವುದರಲ್ಲಿ ನನ್ನನ್ನು ಬಿಟ್ಟರಿಲ್ಲ. ಸ್ಟೆತಸ್ಕೋಪ್ ತಂದು ಕಿವಿಗೆ ಹಾಕಿಕೊಂಡೆ. ಬಾನೆಟ್ಟಿನೊಳಗೆ ಬಗ್ಗಿ, ಬೆಲ್ಟಿಗೆ ತಾಗದಂತೆ ಎಚ್ಚರದಿಂದ ಅದರ ಬಿಲ್ಲೆಯನ್ನು ಕಂಪ್ರೆಸರಿನ ಮೈಗೆ ಒತ್ತಿ ಹಿಡಿದೆ. ಒಳಗೆ ಕೂತು ಎಸಿ ಗುಂಡಿ ಒತ್ತಲು ಒಬ್ಬರು ಬೇಕಾಯಿತು. ಹೆಂಡತಿ ಸ್ನಾನಕ್ಕೆ ಹೋಗಿದ್ದಳು.

“ಅತ್ತೆ, ನೀವೇ ಸ್ವಲ್ಪ ಬರ್ತೀರಾ? ನಾನು ಕೈ ಎತ್ತಿದಾಗ ಒತ್ತಿ ಸಾಕು.”

ಅತ್ತೆ ಸ್ಟೇರಿಂಗಿನ ಮುಂದೆ ಕೂತರು. ಬಾನೆಟ್ ಎದ್ದು ನಿಂತಿದ್ದರಿಂದ ಅವರಿಗೆ ನಾನೂ ಕಾಣುತ್ತಿರಲಿಲ್ಲ, ನನ್ನ ಕೈಯೂ ಕಾಣುತ್ತಿರಲಿಲ್ಲ. ಇದನ್ನು ನಾನು ಯೋಚಿಸಿರಲಿಲ್ಲ. ನಾನು ಕೈ ಎತ್ತಿದೆ. ಇಳಿಸಿದೆ. ಮತ್ತೆ ಎತ್ತಿದೆ. ಅಳಿಯನ ಸದ್ದೇ ಇಲ್ಲವಲ್ಲ, ಒಳಗೇ ಬಿದ್ದುಹೋದರೋ ಎಂದು ಗಾಬರಿಯಾದ ಅತ್ತೆ ಬದಿಗೆ ಬಾಗಿ ಇಣುಕಲು ಹೋಗಿ ಸ್ಟೇರಿಂಗಿನ ನಟ್ಟನಡುವೆ ಮೊಣಕೈ ಊರಿದರು.

ಹಾರ್ನು ಸ್ಟೆತಸ್ಕೋಪಿನ ಬಿಲ್ಲೆಯಿಂದ ಗೇಣುದ್ದ ದೂರದಲ್ಲಿತ್ತು. ಆ ಸದ್ದು ಕಿವಿಯಿಂದ ಹೊಕ್ಕು ಹಿಮ್ಮಡಿಯಿಂದ ಹೊರಬಿದ್ದಂತಾಯಿತು. ನಾನು ನೆಟ್ಟಗಾದ ರಭಸಕ್ಕೆ ತಲೆ ಬಾನೆಟ್ಟಿಗೆ ಬಡಿಯಿತು, ಬಾನೆಟ್ಟನ್ನು ಎತ್ತಿಹಿಡಿದಿದ್ದ ಕಡ್ಡಿ ಜಾರಿತು, ನಾನು ಹಿಂದಕ್ಕೆ ಹಾರಿ ಹೂಕುಂಡಗಳ ನಡುವೆ ಕೂತೆ. ಬಾನೆಟ್ ಧಡ್ಡನೆ ಮುಚ್ಚಿಕೊಂಡ ಮೇಲೆ ಗಾಜಿನಾಚೆ ಅತ್ತೆಯ ಮುಖ ಕಂಡಿತು. ಅವರ ತುಟಿಗಳು ಅಲ್ಲಾಡುತ್ತಿದ್ದವು. ನನಗೆ ಏನೂ ಕೇಳಿಸುತ್ತಿರಲಿಲ್ಲ.

ಆಮೇಲೆ ಅವರು ಇಳಿದು ಬಂದು, ನನ್ನ ಗಲ್ಲ ಹಿಡಿದು ಮುಖವನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿ ಕಣ್ಣು ನೋಡಿದರು. ತಲೆಯ ಬುಗುಟಿಗೆ ಐಸ್ ಇಟ್ಟು ಒತ್ತಿದರು. “ನೋಯ್ತಿದೆಯಾ?” ಎಂದರು. “ಇಲ್ಲ” ಎಂದೆ. “ನೋಯ್ಬೇಕು. ನೋಯ್ತಿಲ್ಲ ಅಂದ್ರೇನೇ ಭಯ” ಎಂದರು. “ನೋಯ್ತಿದೆ” ಎಂದು ಒಪ್ಪಿಕೊಂಡೆ. “ಹಾಂ” ಎಂದು ಸಮಾಧಾನಪಟ್ಟರು.

ಕಿವಿ ಸರಿಹೋದ ಮೇಲೆ ಅತ್ತೆಯಿಂದ ಎಸಿ ಗುಂಡಿ ಒತ್ತಿಸಿದೆ. ಒಂದು ಮಾತ್ರ ಖಚಿತವಾಯಿತು: ‘ಟಕ್’ ಎಂಬ ಸದ್ದು ಬರಲಿಲ್ಲ. ಐಸ್ ಚೀಲವನ್ನು ತಲೆಯ ಮೇಲೆ ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ವಿಡಿಯೋ ನೋಡಿದೆ. ಬ್ಯಾಟರಿಯ ಪಕ್ಕದ ಕಪ್ಪು ಪೆಟ್ಟಿಗೆಯೊಳಗೆ ರಿಲೇ ಎಂಬ ಸಕ್ಕರೆ ತುಂಡಿನಂಥ ಚೌಕಗಳಿರುತ್ತವೆ. ಒಂದೊಂದು ಚೌಕ ಒಂದೊಂದು ಕೆಲಸಕ್ಕೆ ಕರೆಂಟು ದಾಟಿಸುತ್ತದೆ. ಎಸಿಯದು ಸುಟ್ಟಿದೆಯೇ ಎಂದು ತಿಳಿಯಲು ಅದನ್ನು ಕಿತ್ತು, ಅದೇ ಅಳತೆಯ ಇನ್ನೊಂದನ್ನು ಅದರ ಜಾಗಕ್ಕೆ ಹಾಕಿ ನೋಡಬೇಕು. ಮುಚ್ಚಳದ ಒಳಗಿನ ಚಿತ್ರ ನೋಡಿದೆ. ಎಸಿ ರಿಲೇಯ ಅವಳಿಯಂತೆ ಪಕ್ಕದಲ್ಲೇ ಇನ್ನೊಂದಿತ್ತು. ಎರಡನ್ನೂ ಕಿತ್ತು ಅದಲುಬದಲು ಮಾಡಿದೆ. ಎಂಜಿನ್ ಶುರು ಮಾಡಿ ಗುಂಡಿ ಒತ್ತಿದೆ.

ಟಕ್!

ಸ್ಟೆತಸ್ಕೋಪ್ ಇಲ್ಲದೆಯೇ ಕೇಳಿಸಿತು. ನೋಡನೋಡುತ್ತ ಕಿಂಡಿಯಿಂದ ತಣ್ಣನೆಯ ಗಾಳಿ ಬಂತು. ನಾನು “ಅತ್ತೇ!” ಎಂದು ಕೂಗಿದ ಕೂಗಿಗೆ ಹೆಂಡತಿ ಒದ್ದೆ ತಲೆಯಲ್ಲೇ ಓಡಿಬಂದಳು. ಅತ್ತೆ ಒಳಗೆ ಕೂತು ಕಿಂಡಿಯ ಮುಂದೆ ಮುಖ ಹಿಡಿದರು. ಹಣೆಯ ಬಿಳಿಗೂದಲು ಹಾರಾಡಿತು. ಕಣ್ಣು ಮುಚ್ಚಿಕೊಂಡು, “ಪರವಾಗಿಲ್ಲ” ಎಂದರು.

ಅವರ ಬಾಯಿಂದ ‘ಪರವಾಗಿಲ್ಲ’ ಬರುವುದೆಂದರೆ ಬೇರೆಯವರು ಶಾಲು ಹೊದಿಸಿದ ಹಾಗೆ. ನಾನು ಎದೆ ಉಬ್ಬಿಸಿಕೊಂಡು ವಿಡಿಯೋವನ್ನು ಅರ್ಧಕ್ಕೇ ನಿಲ್ಲಿಸಿ ಮೊಬೈಲನ್ನು ಜೇಬಿಗಿಳಿಸಿದೆ. ಗುಣವಾದ ಮೇಲೆ ಯಾವ ರೋಗಿ ಔಷಧಿಯ ಚೀಟಿಯನ್ನು ಪೂರ್ತಿ ಓದುತ್ತಾನೆ?

ಭಾನುವಾರ ಬೆಳಿಗ್ಗೆ ಹೊರಟೆವು. ಕಾರಿನೊಳಗೆ ತಂಪೋ ತಂಪು. ಬೀದಿಯ ತಿರುವಿನಲ್ಲಿ ಒಂದು ನಾಯಿ ರಸ್ತೆಯ ನಡುವೆ ಕಾಲು ಚಾಚಿ ಮಲಗಿತ್ತು. ಹಾರ್ನ್ ಒತ್ತಿದೆ. ಸದ್ದಿಲ್ಲ. ಇನ್ನೊಮ್ಮೆ ಒತ್ತಿದೆ. ಸ್ಟೇರಿಂಗಿನ ಒಳಗಿಂದ ಏನೋ ಕಿಚಕ್ ಎಂದಿತೇ ಹೊರತು ಹಾರ್ನಿನ ಉಸಿರಿಲ್ಲ. ನಾಯಿ ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡಿತು.

ಆಗ ಹೊಳೆಯಿತು. ನಿನ್ನೆ ಕಿತ್ತ ಆ ಅವಳಿ ರಿಲೇ ಹಾರ್ನಿನದು. ಒಳ್ಳೆಯದನ್ನು ಎಸಿಗೆ ಹಾಕಿ ಸುಟ್ಟದ್ದನ್ನು ಹಾರ್ನಿಗೆ ಹಾಕಿದ್ದೆ. ಅದು ಕಾಯಿಲೆ ಕಂಡುಹಿಡಿಯುವ ಉಪಾಯವಷ್ಟೆ, ಚಿಕಿತ್ಸೆಯಲ್ಲ. ಹೊಸ ರಿಲೇ ತಂದು ಹಾಕುವುದೇ ಚಿಕಿತ್ಸೆ. ನಾನು ನೋಡದೆ ಬಿಟ್ಟ ಅರ್ಧ ವಿಡಿಯೋದಲ್ಲಿ ಅವನು ಹೇಳುತ್ತಿದ್ದುದು ಪ್ರಾಯಶಃ ಅದನ್ನೇ. ಭಾನುವಾರ ಬೆಳಿಗ್ಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಮರಳಿ ಅದಲುಬದಲು ಮಾಡಿದರೆ ಎಸಿ ಹೋಗುತ್ತದೆ, ಅದರ ಜೊತೆಗೆ ನಿನ್ನೆಯ ‘ಪರವಾಗಿಲ್ಲ’ವೂ ಹೋಗುತ್ತದೆ. ಬಾಯಿ ಬಿಟ್ಟು ಹೇಳಬೇಕಿತ್ತು. ನಾನು ನಾಯಿಯನ್ನು ಬಳಸಿಕೊಂಡು ತುಟಿಪಿಟಕ್ಕೆನ್ನದೆ ಮುಂದೆ ಹೋದೆ.

ಇಲ್ಲಿ ನನ್ನ ಡ್ರೈವಿಂಗಿನ ವಿಷಯ ಹೇಳದಿದ್ದರೆ ಆಗದು. ನಾನು ಹಾರ್ನಿನ ಮೇಲೇ ಕಾರು ಓಡಿಸುವ ಜಾತಿ. ಸಿಗ್ನಲ್ಲಿನಲ್ಲಿ, ತಿರುವಿನಲ್ಲಿ, ಕೆಲವೊಮ್ಮೆ ಖಾಲಿ ರಸ್ತೆಯಲ್ಲೂ ಸುಮ್ಮನೆ ಕೈ ಹೋಗುತ್ತದೆ. ನನ್ನ ಹಾರ್ನಿನಿಂದ ತನ್ನ ಶ್ರುತಿಯೇ ಕೆಟ್ಟಿತೆಂದು ಹೆಂಡತಿ ಅದೆಷ್ಟೋ ಸಲ ಮುನಿಸಿಕೊಂಡಿದ್ದಾಳೆ. ಅತ್ತೆ ಹಿಂದಿನ ಸೀಟಿನಲ್ಲಿ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡೇ ಪ್ರಯಾಣ ಮಾಡುತ್ತಿದ್ದರು. ಅಂಥ ನಾನು ಅಂದು ಸೈಕಲ್ಲಿನವರಿಗೆ ದಾರಿ ಬಿಟ್ಟೆ. ರಸ್ತೆ ದಾಟುವ ಅಜ್ಜನೊಬ್ಬನಿಗಾಗಿ ಕಾರು ನಿಲ್ಲಿಸಿದೆ. ಆತ ನನಗೆ ಕೈ ಮುಗಿದ. ಲಾರಿಯ ಹಿಂದೆ ಎಷ್ಟೋ ದೂರ, ಮೆರವಣಿಗೆಯಲ್ಲಿ ಹೊರಟವನಂತೆ, ತೆವಳಿಕೊಂಡು ಹೋದೆ.

“ಇವತ್ತು ಎಷ್ಟು ಚೆನ್ನಾಗಿ ಓಡಿಸ್ತಿದ್ದೀರಿ” ಎಂದರು ಅತ್ತೆ ಹಿಂದಿನಿಂದ. “ನಂಗೆ ಹೆದ್ರಿಕೆನೇ ಆಗ್ತಿಲ್ಲ.”

“ವಯಸ್ಸಾಯ್ತಲ್ಲ, ತಾಳ್ಮೆ ಬಂದಿದೆ” ಎಂದೆ. ಅಂದ ಕೂಡಲೆ ನನಗೇ ನಾಚಿಕೆಯಾಯಿತು.

ಹೆಂಡತಿ ನನ್ನ ಕಡೆ ವಾರೆನೋಟ ಬೀರಿದಳು. “ಏನ್ರೀ, ಒಂದು ಸಲಾನೂ ಹಾರ್ನ್ ಮಾಡ್ಲಿಲ್ಲ?”

“ಮನುಷ್ಯ ಬದಲಾಗಬಾರ್ದಾ?”

“ಬದಲಾಗ್ಬೋದು. ಒಂದೇ ರಾತ್ರೀಲಿ ಇಷ್ಟೊಂದಾ?”

ಅತ್ತೆ ಮೇಲಿನ ಹಿಡಿಯನ್ನು ಬಿಟ್ಟು, ತಲೆಯನ್ನು ಸೀಟಿಗೆ ಆನಿಸಿ ನಿದ್ದೆ ಹೋದರು. ಕನ್ನಡಿಯಲ್ಲಿ ಅವರ ಅರೆತೆರೆದ ಬಾಯಿ ನೋಡಿ ನನಗೆ ಖುಷಿಯೂ ಸಂಕಟವೂ ಒಟ್ಟಿಗೇ ಆದವು. ನನ್ನ ಕಾರಿನಲ್ಲಿ ಅವರು ನಿದ್ದೆ ಮಾಡಿದ್ದು ಅದೇ ಮೊದಲು.

ಗುಡ್ಡದ ರಸ್ತೆ ಶುರುವಾದ ಮೇಲೆ ಸಿಕ್ಕಿಬಿದ್ದೆ. ಇಕ್ಕಟ್ಟಿನ ತಿರುವಿನಲ್ಲಿ ರಸ್ತೆ ತುಂಬ ಮೇಕೆಗಳು. ಕಾಯುವವನು ತುಂಬ ಮುಂದೆ, ನಮಗೆ ಬೆನ್ನು ಹಾಕಿ, ಕಿವಿಗೆ ಮೊಬೈಲ್ ಹಿಡಿದು ನಡೆಯುತ್ತಿದ್ದ. ಲೈಟು ಮಿನುಗಿಸಿದೆ. ಹಗಲಿನಲ್ಲಿ ಮೇಕೆಗೆ ಲೈಟಿನ ಭಯವೇ? ನಮ್ಮ ಹಿಂದೆ ಬಸ್ಸೊಂದು ಬಂದು ನಿಂತು ಬೊಬ್ಬೆ ಹಾಕತೊಡಗಿತು. ಕೊನೆಗೆ ಗಾಜಿಳಿಸಿ, ಕುತ್ತಿಗೆ ಹೊರಗೆ ಹಾಕಿ, “ಹೋಯ್! ಸರೀರಿ! ಸ್ವಲ್ಪ ಸರೀರಿ!” ಎಂದು ಕೂಗಿದೆ.

“ಮೇಕೆಗ್ಯಾಕ್ರೀ ಬಹುವಚನ?” ಎಂದಳು ಹೆಂಡತಿ. ಆಮೇಲೆ ಸ್ಟೇರಿಂಗಿನತ್ತ ಕೈ ಚಾಚಿ ಹಾರ್ನ್ ಒತ್ತಿದಳು. ಮತ್ತೆ ಒತ್ತಿದಳು. ನನ್ನ ಮುಖ ನೋಡಿದಳು. ನಾನು ಮೇಕೆಗಳನ್ನು ನೋಡಿದೆ.

ಅತ್ತೆ ಎದ್ದರು. “ಏನಾಯ್ತು?”

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. “ಅತ್ತೆ, ಎಸಿಗೆ ಹಾಕಿರೋದು ಹಾರ್ನಿನ ರಿಲೇ. ಎಸಿದು ಸುಟ್ಟೋಗಿತ್ತು. ಈಗ ಹಾರ್ನ್ ಇಲ್ಲ. ಬೆಳಿಗ್ಗೇನೇ ಗೊತ್ತಾಯ್ತು. ಹೇಳ್ಲಿಲ್ಲ.”

ಅತ್ತೆ ನಿಧಾನವಾಗಿ ಕೇಳಿದರು: “ಅಂದ್ರೆ, ಮೂತ್ರಪಿಂಡ ಕೆಟ್ಟಿದೆ ಅಂತ ಪಕ್ಕದ ಬೆಡ್ಡಿನವನದು ಕಿತ್ತು ಹಾಕಿ, ಕೆಟ್ಟಿದ್ದನ್ನ ಅವನಿಗೆ ಹಾಕಿ, ಇಬ್ರನ್ನೂ ಡಿಸ್ಚಾರ್ಜ್ ಮಾಡಿದ್ರಿ?”

“ಹಾಗೇ ಅನ್ಕೊಳ್ಳಿ.”

ಅತ್ತೆ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ, ಆಮೇಲೆ ಇಡೀ ಮೈಯಲ್ಲಿ. ಹೆಂಡತಿ ಡ್ಯಾಶ್‌ಬೋರ್ಡಿನ ಮೇಲೆ ಹಣೆ ಇಟ್ಟು ನಗುತ್ತಿದ್ದಳು. ಹಿಂದಿನ ಬಸ್ಸಿನವನು ಬಯ್ಯುತ್ತಿದ್ದ. ಕಣ್ಣೊರೆಸಿಕೊಂಡು ಅತ್ತೆ ತಮ್ಮ ಕಡೆಯ ಗಾಜಿಳಿಸಿ, ತಲೆ ಹೊರಗೆ ಹಾಕಿ, “ಏಯ್! ಆ ಕಡೆ ಹೋಗ್ರೋ ಎಲ್ಲ!” ಎಂದು ಒಂದೇ ಒಂದು ಕೂಗು ಹಾಕಿದರು. ಅದು ಭೇಟಿಯ ಹೊತ್ತು ಮುಗಿದ ಮೇಲೂ ವಾರ್ಡಿನಲ್ಲಿ ನಿಂತ ನೆಂಟರನ್ನು ಹೊರಗಟ್ಟುತ್ತಿದ್ದ ಗಂಟಲು. ಮೇಕೆಗಳು ಸರಿದವು. ಕಾಯುವವನೂ ಮೊಬೈಲ್ ಇಳಿಸಿ ಚರಂಡಿಯ ಪಕ್ಕ ನಿಂತ. ಹಿಂದಿನ ಬಸ್ಸಿನವನ ಬಾಯಿ ಕೂಡ ಕಟ್ಟಿತು.

ಅಲ್ಲಿಂದ ಮುಂದಕ್ಕೆ ನಮ್ಮ ಹಾರ್ನು ಅತ್ತೆಯೇ. ಹಿಂದಿನ ಗಾಜು ಪೂರ್ತಿ ಇಳಿದೇ ಇತ್ತು. ತಿರುವು ಬಂದಾಗ, ಹಳ್ಳಿ ಬಂದಾಗ, “ಬರ್ತಿದ್ದೀವೀ! ದಾರಿ ಬಿಡೀ!” ಎಂದು ಅವರು ಕೂಗುತ್ತಿದ್ದರು. ತೆರೆದ ಕಿಟಕಿಯಿಂದ ಬೆಂಕಿಯಂಥ ಗಾಳಿ ನುಗ್ಗಿ ಎಸಿಯ ತಂಪೆಲ್ಲ ಹಾರಿಹೋಗುತ್ತಿತ್ತು. ಯಾವ ತಂಪಿಗಾಗಿ ನಾನು ತಲೆ ಒಡೆದುಕೊಂಡಿದ್ದೆನೋ ಅದು ಕಾಡಿನ ಪಾಲಾಗುತ್ತಿತ್ತು. ಮೂವರೂ ಬೆವರಿನಲ್ಲಿ ನೆನೆದಿದ್ದೆವು. ಎಸಿ ಆರಿಸೋಣವೇ ಎಂದೆ. “ಬೇಡ, ಇರ್ಲಿ. ಅಷ್ಟು ಕಷ್ಟಪಟ್ಟಿದ್ದೀರಿ” ಎಂದರು ಅತ್ತೆ.

ದಾರಿಯ ಬದಿಯ ಅಂಗಡಿಯೊಂದರಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಹೆಂಡತಿ ಮುಖ ತೊಳೆಯಲು ಹೋದಾಗ ಅತ್ತೆ ತಮ್ಮ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡರು. ಎಂದೂ ಇಲ್ಲದ ಧೈರ್ಯ ಬಂದು ಕೇಳಿಬಿಟ್ಟೆ: “ಅತ್ತೆ, ಬಿ.ಪಿ. ತೋರಿಸೋಕೆ ಅಷ್ಟು ದೂರ ಯಾಕೆ ಹೋಗ್ತೀರಿ? ನನ್ನ ಮೇಲೆ ನಂಬಿಕೆ ಇಲ್ವಾ?”

ಅವರು ನನ್ನನ್ನು ಅಚ್ಚರಿಯಿಂದ ನೋಡಿದರು. “ಅಯ್ಯೋ, ನಂಬಿಕೆ ಪ್ರಶ್ನೆ ಅಲ್ಲಪ್ಪ. ಆ ಡಾಕ್ಟ್ರು ಹೇಳಿದ್ದನ್ನ ಆಸ್ಪತ್ರೇಲೇ ಬಿಟ್ಟು ಬರ್ಬೋದು. ನೀವು ಹೇಳಿದ್ರೆ ಊಟಕ್ಕೆ ಕೂತಾಗ್ಲೂ ಎದುರಿಗೇ ಇರ್ತೀರಲ್ಲ, ಉಪ್ಪು ತಗೋಳೋ ಹಾಗೇ ಇಲ್ಲ.”

ಇಷ್ಟು ದಿನ ಪೇಪರಿನ ಹಿಂದೆ ಕೂತು ನುಂಗಿಕೊಂಡ ಅವಮಾನವೆಲ್ಲ ಉಪ್ಪಿನ ವಿಷಯವಾಗಿತ್ತು! ಸಕ್ಕರೆಯ ಬಗ್ಗೆ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು ನನ್ನ ಚಹಾ ಕುಡಿದೆ.

ಸಮಾರಂಭದ ಮನೆ ತಲುಪಿದಾಗ ಅತ್ತೆಯ ಗಂಟಲು ಕಟ್ಟಿಹೋಗಿತ್ತು. ಆದರೂ ಬಿಡಲಿಲ್ಲ. ಸುತ್ತ ಕೂತ ಹಳೆಯ ನರ್ಸುಗಳಿಗೆ ಪಿಸುದನಿಯಲ್ಲೇ, ಥರ್ಮಾಮೀಟರಿನಿಂದ ಮೇಕೆಗಳವರೆಗೆ ಎಲ್ಲವನ್ನೂ ನಟಿಸಿ ತೋರಿಸಿದರು. ಹೂಕುಂಡಗಳ ಭಾಗವನ್ನು ಜನರ ಒತ್ತಾಯದ ಮೇಲೆ ಮತ್ತೊಮ್ಮೆ ಹೇಳಿದರು. ನಾನು ನೆಲ ಬಾಯಿ ಬಿಡಬಾರದೇ ಎಂದುಕೊಳ್ಳುತ್ತ ಮೂಲೆಯಲ್ಲಿ ಹಲ್ಲು ಕಿಸಿದು ಕೂತಿದ್ದೆ. ಆದರೂ ಹೇಳುವಾಗ ಅವರು “ನಮ್ಮ ಅಳಿಯ, ನಮ್ಮ ಅಳಿಯ” ಎನ್ನುತ್ತಿದ್ದುದು ನನ್ನ ಕಿವಿಗೆ ಬೀಳದೆ ಇರಲಿಲ್ಲ.

ಊಟವಾದ ಮೇಲೆ ಆ ಮನೆಯೊಡತಿ ನನ್ನ ಪಕ್ಕ ಬಂದು ನಿಂತರು. ನಕ್ಕು ನಕ್ಕು ಅವರ ಕಣ್ಣು ಇನ್ನೂ ಒದ್ದೆಯಾಗಿತ್ತು.

“ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ನಮ್ಮ ಮಲಗೋ ಕೋಣೆ ಎಸಿ ಗೋಡೆ ಮೇಲೆಲ್ಲ ನೀರು ಸೋರ್ಸ್ತಿದೆ. ನೀವು ಹೇಗೂ ಬಂದಿದ್ದೀರಿ...”

ಬೇಡವೆನ್ನಬೇಕೆಂದು ನನ್ನ ಬುದ್ಧಿ ಹೇಳುತ್ತಿತ್ತು. ಬಾಗಿಲಲ್ಲಿ ಹೆಂಡತಿ ಬೇಡ, ಬೇಡ ಎಂದು ತಲೆ ಆಡಿಸುತ್ತಿದ್ದಳು. ಅಷ್ಟರಲ್ಲಿ ನನ್ನ ಬಾಯಿಂದ ಮಾತು ಹೊರಟೇಹೋಗಿತ್ತು:

“ಯಾವಾಗಿಂದ ಹೀಗಿದೆ?”

ಅತ್ತೆ ಆಗಲೇ ಒಂದು ಸ್ಟೂಲು ಹುಡುಕುತ್ತಿದ್ದರು.